ಕೆಂದ ಕಚ್ಚಿದ ದಾಕಿನವರು

ಹೋದ ತಿಂಗಳು ಆಸ್ಪತ್ರೆಯಲ್ಲಿ ಕಾಂಪೌಂಡರ್ ನನ್ನ ಮೊಣಕೈಗೆ ಸ್ಪಿರಿಟ್ಟಿನ ಹತ್ತಿ ಒತ್ತಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಉರಿ ಮರೆತುಹೋಯಿತು. ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಡಾಕ್ಟರು ಹೇಳಿದಾಗಿನಿಂದ ಮಧುಗಿರಿಯ ಮಗನ ಮನೆಯಿಂದ ದಿನಾ ಬೆಳಿಗ್ಗೆ ಒಂದು ಸುತ್ತು ಹೋಗಿಬರುತ್ತೇನೆ. ಅವತ್ತು ನಾಲ್ಕಾರು ಬೀದಿನಾಯಿಗಳು ಒಟ್ಟಿಗೆ ಮೈಮೇಲೆ ನುಗ್ಗಿದವು. ನಾನು ಓಡಲಿಲ್ಲ, ಕಲ್ಲು ಹುಡುಕಲಿಲ್ಲ. ಇದ್ದಲ್ಲೇ ದಾರಿಯಲ್ಲಿ ಕುಳಿತುಬಿಟ್ಟೆ. ಅವು ಸುತ್ತ ನಿಂತು ಬೊಗಳಿ ಬೊಗಳಿ ಬೇಸತ್ತು ಹೋದವು. ಮೊಣಕೈ ತರಚಿದ್ದು ನಾಯಿಯಿಂದಲ್ಲ, ಮುದುಕಿ ಬಿದ್ದಳೆಂದು ಓಡಿಬಂದು ರಟ್ಟೆ ಹಿಡಿದು ಜಗ್ಗಿದ ಪುಣ್ಯಾತ್ಮನಿಂದ. ಹಾಗೆ ಕೂರುವುದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಮಗ ಕೇಳಿದ. ನಿನಗೆ ದಾಕು ಹಾಕಿದವರು ಎಂದೆ. ಅವನಿಗೆ ತಲೆಬುಡ ತಿಳಿಯಲಿಲ್ಲ.

ದಾಕು ಎಂದರೆ ಸಿಡುಬು ಬಾರದಂತೆ ತೋಳಿಗೆ ಹಾಕುತ್ತಿದ್ದ ಮದ್ದು. ಮಹಾರಾಜರ ಕಾಲದಲ್ಲಿ ಅದನ್ನು ಹಾಕಲು ಸರ್ಕಾರದವರೊಬ್ಬರು ಊರೂರು ನಡೆದು ಬರುತ್ತಿದ್ದರು. ತೆಳ್ಳಗಿನ ಮನುಷ್ಯ, ಮಾಸಿದ ಕೋಟು, ಒಂದು ಕೈಯಲ್ಲಿ ಚರ್ಮದ ಚೀಲ, ಇನ್ನೊಂದರಲ್ಲಿ ಕೊಡೆ. ನಾನು ಮದುವೆಯಾಗಿ ಹೋದ ಊರು ಪುರವರದಿಂದ ಒಳಗೆ, ಹೊಲಗಳ ನಡುವೆ ಇತ್ತು. ದಾಕಿನವರು ಪುರವರ ದಾಟಿದರಂತೆ ಎಂಬ ಸುದ್ದಿ ಅವರಿಗಿಂತ ಮೊದಲೇ ನಮ್ಮೂರಿಗೆ ಬರುತ್ತಿತ್ತು. ಬಂದ ಕೂಡಲೇ ಹೆಂಗಸರು ಮಕ್ಕಳನ್ನು ಒಳಗೆ ಹಾಕಿಕೊಳ್ಳುತ್ತಿದ್ದರು, ನಾಯಿಗಳನ್ನು ಬೀದಿಗೆ ಅಟ್ಟುತ್ತಿದ್ದರು.

ದಾಕು ಹಾಕಿಸಿದರೆ ಸಿಡುಬಿನ ಅಮ್ಮನಿಗೆ ಸಿಟ್ಟು ಬರುತ್ತದೆ ಎಂಬುದು ಹಳೆಯ ಭಯ. ಆಗ ಯುದ್ಧ ಬೇರೆ ನಡೆಯುತ್ತಿತ್ತಲ್ಲ, ಹೊಸದೊಂದು ಭಯವೂ ಸೇರಿಕೊಂಡಿತ್ತು. ಗಂಡುಮಕ್ಕಳ ತೋಳಿಗೆ ಈಗ ಗುರುತು ಹಾಕಿ, ದೊಡ್ಡವರಾದ ಮೇಲೆ ಅದೇ ಗುರುತು ನೋಡಿ ಪಲ್ಟನ್ನಿಗೆ ಹಿಡಿದುಕೊಂಡು ಹೋಗುತ್ತಾರಂತೆ. ನಮ್ಮ ಅತ್ತೆ ಎರಡನ್ನೂ ನಂಬಿದ್ದರು. ಅವರು ಸಾಕಿದ ಕೆಂದನಾದರೋ ಶಿರಾ ಕಡೆಯ ಕುರಿಹಟ್ಟಿಯಿಂದ ಮರಿಯಾಗಿ ತಂದ ನಾಯಿ. ಅದು ನಮ್ಮ ಬೀದಿಗೆ ಯಾರನ್ನು ಬಿಡಬೇಕು ಯಾರನ್ನು ಬಿಡಬಾರದು ಎಂದು ತಾನೇ ತೀರ್ಮಾನಿಸುತ್ತಿತ್ತು, ಥೇಟು ಅತ್ತೆಯ ಹಾಗೆ.

ನನ್ನ ಮಗನಿಗೆ ಆಗ ಆರು ತಿಂಗಳು. ನನಗೆ ದಾಕು ಹಾಕಿಸಲೇಬೇಕೆಂದು ಆಸೆ. ತವರಲ್ಲಿ ನನ್ನ ಅಕ್ಕನ ಎರಡು ಕಣ್ಣನ್ನೂ ಸಿಡುಬು ತಿಂದುಕೊಂಡು ಹೋಗಿತ್ತು. ಅವಳು ಗೋಡೆ ಹಿಡಿದು ನಡೆಯುವುದನ್ನು ನೋಡುತ್ತಾ ಬೆಳೆದವಳು ನಾನು. ಮಗುವಿಗೆ ಮೈ ಬೆಚ್ಚಗಾದರೆ ಸಾಕು, ಅದರ ಕಣ್ಣನ್ನೇ ನೋಡುತ್ತಾ ಕೂರುತ್ತಿದ್ದೆ. ಆದರೆ ಅತ್ತೆಯ ಎದುರು ಬಾಯಿ ಬಿಡುವ ಸೊಸೆಯರು ಆ ಕಾಲದಲ್ಲಿ ನಮ್ಮ ಕಡೆ ಇರಲಿಲ್ಲ. ಗಂಡನಿಗೆ ಹೇಳಿದೆ, ಅವರು ಅವ್ವ ಹೇಳಿದಂತೆ ಎಂದು ಎದ್ದುಹೋದರು.

ಆ ಸಲ ದಾಕಿನವರು ಬಂದಾಗ ಕೆಂದ ಮುಂದೆ, ಉಳಿದ ನಾಯಿಗಳು ಅದರ ಹಿಂದೆ. ಅವರು ಕೊಡೆಯನ್ನು ನಿಧಾನವಾಗಿ ಮಡಿಸಿ ಪಕ್ಕಕ್ಕಿಟ್ಟು, ಬೀದಿಯ ಮಧ್ಯೆ ಚಕ್ಕಳಮಕ್ಕಳ ಹಾಕಿ ಕುಳಿತರು. ಯಾವ ಊರಿಗೆ ಹೋದರೂ ಅವರು ಮಾಡುತ್ತಿದ್ದುದು ಇಷ್ಟೇ. ಕೆಂದ ಎರಡು ಸುತ್ತು ಹಾಕಿತು, ಮೂಸಿತು, ಬಾಲ ಇಳಿಸಿತು. ಅಷ್ಟರಲ್ಲಿ ಎದುರುಮನೆಯವನು ಸಹಾಯ ಮಾಡುತ್ತೇನೆಂದು ಬೀಸಿ ಒಂದು ಕಲ್ಲು ಹೊಡೆದ. ಪೆಟ್ಟು ತಿಂದ ಕೆಂದ ಹತ್ತಿರ ಯಾರಿದ್ದರೋ ಅವರಿಗೇ ಬಾಯಿ ಹಾಕಿತು. ದಾಕಿನವರ ಮೀನಖಂಡದಿಂದ ರಕ್ತ ಸುರಿಯಿತು.

ಅತ್ತೆ ಬಾಗಿಲಲ್ಲಿ ನಿಂತವರು ಹಾಗೇ ಕುಸಿದರು. "ಎದುರ್ಸಕ್ಕೆ ಬುಟ್ಟಿದ್ದು ಕಣಪ್ಪ, ಕಚ್ಚಕ್ಕಲ್ಲ" ಎಂದು ಅದನ್ನೇ ನಾಲ್ಕು ಸಲ ಹೇಳಿದರು. ದಾಕಿನವರು ಸೋಪು, ನೀರು ಕೇಳಿ ಇಸಿದುಕೊಂಡು ತಾವೇ ಗಾಯ ತೊಳೆದು, ಚೀಲದಿಂದ ಸ್ಪಿರಿಟ್ ತೆಗೆದು ಸುರಿದುಕೊಂಡರು. ಹಲ್ಲು ಕಚ್ಚಿ ಕಣ್ಣು ಮುಚ್ಚಿದರೇ ಹೊರತು ಒಂದು ಬೈಗುಳ ಆಡಲಿಲ್ಲ.

ಊರಿನ ಗಂಡಸರು ದೊಣ್ಣೆ ಹಿಡಿದು ಬಂದರು. "ಸರ್ಕಾರದ ಮನುಸನ್ನ ಕಚ್ಚೈತೆ. ನಾಳೆ ಅಮಲ್ದಾರ್ರು ಬಂದು ಕೇಳುದ್ರೆ ಏನ್ ಯೋಳಾದು? ಹೊಡ್ದಾಕ್ಬುಡಿ ಅತ್ಲಾಗೆ" ಎಂದ ಒಬ್ಬ.

"ಕೊಂದ್ಬಿಟ್ರೆ ಅದಕ್ಕೆ ಹುಚ್ಚು ಇತ್ತೋ ಇಲ್ವೋ ನನಗೆ ಹೆಂಗಪ್ಪ ಗೊತ್ತಾಗ್ಬೇಕು?" ಎಂದರು ದಾಕಿನವರು. "ಹುಚ್ಚಿರೋ ನಾಯಿ ಹತ್ತು ದಿನ ಉಳಿಯಲ್ಲ. ಕಟ್ಟಿಹಾಕಿ. ನಾನು ದಿನಾ ಬಂದು ನೋಡ್ಕೊಂಡು ಹೋಗ್ತೀನಿ. ಕೆಟ್ಟ ಗುರುತು ಕಂಡ್ರೆ ಬೆಂಗಳೂರಿಗೆ ಹೋಗಿ ಸೂಜಿ ಹಾಕಿಸ್ಕೋಬೇಕು. ಅದು ಬದುಕಿದ್ರೆ ನಾನೂ ಬದುಕ್ತೀನಿ."

ಹುಚ್ಚುನಾಯಿ ಕಚ್ಚಿದವರ ಗತಿ ಏನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತಿತ್ತು. ನೀರು ಕಂಡರೆ ಬೆಚ್ಚಿಬಿದ್ದು ಕಿರುಚಿ ಸಾಯುತ್ತಾರೆ. ಸೂಜಿಯಾದರೂ ಹೊತ್ತು ಮೀರಿದರೆ ನಾಟುವುದಿಲ್ಲ ಎನ್ನುತ್ತಿದ್ದರು. ಹೀಗೆ ಆ ಮನುಷ್ಯನ ಜೀವ ನಮ್ಮ ನಾಯಿಯ ಜೀವಕ್ಕೆ ಗಂಟುಬಿತ್ತು. ಅತ್ತೆ ಕೆಂದನನ್ನು ಹಿತ್ತಲ ಕಂಬಕ್ಕೆ ಕಟ್ಟಿ, ಯಾರಾದರೂ ಕದ್ದು ಹೊಡೆದಾರೆಂದು ಅಲ್ಲೇ ಚಾಪೆ ಹಾಸಿಕೊಂಡರು.

ಆದರೆ ಕೆಂದ ಅನ್ನ ಬಿಟ್ಟಿತು. ಮುದ್ದೆಗೆ ಹಾಲು ಕಲಸಿ ಇಟ್ಟರೂ ಮೂಸಲಿಲ್ಲ, ನೀರಿನ ಕಡೆ ನೋಡಲಿಲ್ಲ, ಜೊಲ್ಲು ಸುರಿಸುತ್ತಾ ಮೂಲೆಗೆ ಮುಖ ಮಾಡಿ ಮಲಗಿತು. ಅತ್ತೆಯೂ ಊಟ ಬಿಟ್ಟರು. ಮಾರನೆಯ ದಿನ, ಅದರ ಮಾರನೆಯ ದಿನ ಹೀಗೇ ಆಯಿತು. ದಾಕಿನವರು ಕುಂಟುತ್ತಾ ಬಂದು ನೋಡಿದರು, ಇನ್ನು ಬೆಂಗಳೂರಿಗೆ ಹೊರಡಬೇಕೇನೋ ಎನ್ನುತ್ತಾ ಜಗಲಿಯ ಮೇಲೆ ಕುಳಿತರು. ಅವರ ಮುಖ ಬಿಳಿಚಿಕೊಂಡಿತ್ತು. ನಾನು ಮಗುವನ್ನು ಎತ್ತಿಕೊಂಡು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ನೋಡಿ, ಮನುಷ್ಯನ ಮನಸ್ಸು ಎಂಥದು... ಅವರ ಪ್ರಾಣಕ್ಕೆ ಸಂಕಟಪಡುತ್ತಿರುವಾಗಲೇ, ಇನ್ನು ನನ್ನ ಮಗುವಿಗೆ ದಾಕು ಹಾಕುವವರು ಯಾರು ಎಂದೂ ಅಳು ಬರುತ್ತಿತ್ತು.

ಕೊನೆಗೆ ಅವರು ಅತ್ತೆಯನ್ನು ಕೇಳಿದರು, "ತಾಯಿ, ಇದನ್ನ ಮುಂಚೆ ಯಾವತ್ತಾದ್ರೂ ಕಟ್ಟಿದ್ರಾ?"

"ಹುಟ್ಟಿದಾಗ್ನಿಂದ ಅದರ ಕುತ್ಗೆಗೆ ಹಗ್ಗ ಸೋಕಿಲ್ಲ ಸ್ವಾಮಿ" ಎಂದರು ಅತ್ತೆ.

ಹಾಗಾದರೆ ಕಟ್ಟಿದ್ದಕ್ಕೇ ಅದು ಅನ್ನ ನೀರು ಬಿಟ್ಟಿರಬಹುದು, ಬಿಚ್ಚಿ ನೋಡಬೇಕು ಎಂದು ಇಬ್ಬರಿಗೂ ಹೊಳೆಯಿತು. ಬಿಚ್ಚಿದ ಮೇಲೆ ಹುಚ್ಚೇ ಇದ್ದರೆ ಮೊದಲು ಸಿಗುವವರು ಬಿಚ್ಚಿದವರೇ. ದಾಕಿನವರು ಎದ್ದರು. ಅತ್ತೆ ಅವರನ್ನು ತಡೆದು, ನನ್ನನ್ನು ಒಳಗೆ ಕಳಿಸಿ ಅಗುಳಿ ಹಾಕಿಸಿದರು. ಹಿತ್ತಲ ಬಾಗಿಲನ್ನು ಮುಚ್ಚಿ, ತಾವೊಬ್ಬರೇ ಕೆಂದನ ಹತ್ತಿರ ಕುಳಿತು ಹಗ್ಗ ಬಿಚ್ಚಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೆಂದ ಎದ್ದು ಮೈ ಕೊಡವಿತು. ಅತ್ತೆಯನ್ನು ದಾಟಿ ಸೀದಾ ದನಕ್ಕೆ ನೀರಿಡುವ ಬಾನಿಗೆ ಹೋಗಿ ಮೂತಿ ಇಳಿಸಿ ಲೊಚಲೊಚ ಕುಡಿಯಿತು. ಕುಡಿದೇ ಕುಡಿಯಿತು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದರು.

ಆಮೇಲೆ ಉಳಿದದ್ದು ಕಾಯುವ ಕೆಲಸ. ದಿನಾ ಬಿಸಿಲೇರುವ ಮೊದಲು ಅವರು ಬರುತ್ತಿದ್ದರು. ಅತ್ತೆ ಬಾಗಿಲಿಂದಲೇ "ಉಂಡೈತೆ ಸ್ವಾಮಿ, ಕುಡ್ದೈತೆ" ಎಂದು ಕೂಗಿ ಹೇಳುತ್ತಿದ್ದರು, ಬಾಣಂತಿಯ ಸುದ್ದಿ ಹೇಳಿದ ಹಾಗೆ. ನಾಯಿಗೆ ಹೆದರಿ ಓಡಿದರೆ ಅದು ಅಟ್ಟಿಸಿಕೊಂಡು ಬರುತ್ತದೆ, ಕುಳಿತವರನ್ನು ಸಾಮಾನ್ಯವಾಗಿ ಕಚ್ಚುವುದಿಲ್ಲ ಎಂದು ಅವರು ಒಂದು ದಿನ ಹೇಳಿದರು. ಅತ್ತೆ ಅವರ ಕಾಲಿನ ಪಟ್ಟಿ ನೋಡಿ, "ಚೆನ್ನಾಗಿ ಯೋಳ್ದೆ ಬುಡಪ್ಪ" ಎಂದರು. ದಾಕಿನವರು ನಗುವುದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಹತ್ತನೆಯ ದಿನ ಕೆಂದ ಬೀದಿಯಲ್ಲಿ ಕೋಳಿ ಅಟ್ಟಿಸಿಕೊಂಡು ಓಡಾಡುತ್ತಿತ್ತು. ದಾಕಿನವರು ಅದನ್ನು ನೋಡುತ್ತಾ ನಿಂತು ದೀರ್ಘವಾಗಿ ಉಸಿರು ಬಿಟ್ಟು, ಹೊರಡಲು ಕೊಡೆ ಎತ್ತಿಕೊಂಡರು. ಮಗುವಿನ ಮಾತನ್ನೇ ಎತ್ತಲಿಲ್ಲ. ಅತ್ತೆ ಒಳಗೆ ಬಂದರು, ನನ್ನ ಕಂಕುಳಿಂದ ಮಗುವನ್ನು ತೆಗೆದುಕೊಂಡು ಹೊರಗೆ ಹೋದರು.

"ನನ್ ನಾಯಿ ದೆಸೆಯಿಂದ ಇಷ್ಟು ದಿನ ಜೀವ ಕೈಲಿ ಹಿಡ್ಕಂಡು ನಡೆದೆ ನೀನು. ಒಂದು ಮಾತು ಅನ್ಲಿಲ್ಲ. ತಕಾ, ಈ ಮಗಾನ ನಿನ್ ಕೈಗೆ ಕೊಡ್ತಾ ಇವ್ನಿ. ಏನಾರ ಆದ್ರೆ ನೀನೇ ಬಂದು ನೋಡ್ಬೇಕು."

"ತೋಳಲ್ಲಿ ಗುಳ್ಳೆ ಎದ್ದು ದಾಕು ನಾಟಿದೆಯಾ ಅಂತ ನೋಡಕ್ಕೆ ಹೆಂಗಿದ್ರೂ ಬರ್ಬೇಕು ತಾಯಿ" ಎಂದರು ಅವರು. ಚೀಲ ಬಿಚ್ಚುವ ಮೊದಲು ಸ್ವಲ್ಪ ಹೊತ್ತು ಮಗುವನ್ನು ತೊಡೆಯ ಮೇಲೆ ಸುಮ್ಮನೆ ಕೂರಿಸಿಕೊಂಡಿದ್ದರು. ಅವತ್ತು ನಮ್ಮ ಬೀದಿಯ ಮಕ್ಕಳಿಗೆಲ್ಲ ದಾಕಾಯಿತು. ಅತ್ತೆ ಹೋಗಿ ಕರೆದರೆ ಒಲ್ಲೆ ಎನ್ನುವ ಧೈರ್ಯ ಯಾರಿಗಿತ್ತು?

ಎರಡು ವರ್ಷ ಅವರೇ ಬಂದರು. ಮೂರನೆಯ ವರ್ಷ ಊರಿಗೆ ಸಿಡುಬು ಬಂತು, ನಮ್ಮ ಬೀದಿಯ ಮಕ್ಕಳ ಹತ್ತಿರ ಸುಳಿಯದೆ ಹೋಯಿತು. ಅವರು ಬಂದಾಗ ಹೇಳಬೇಕೆಂದು ನಾನೂ ಅತ್ತೆಯೂ ಕಾದೆವು. ಬಂದವನು ಬೇರೆ ಯಾರೋ ಹುಡುಗ. ಹಳಬರಿಗೆ ಪಾವಗಡದ ಕಡೆ ವರ್ಗವಾಗಿತ್ತು, ಅಲ್ಲಿ ಕಾಯಿಲೆ ಬಿದ್ದು ತೀರಿಕೊಂಡರು ಎಂದ.

ನಾಯಿಯ ವಿಷ ವರ್ಷಗಟ್ಟಲೆ ಮೈಯಲ್ಲಿ ಮಲಗಿದ್ದು ಏಳುತ್ತದೆ ಎಂದು ಆಗ ಹೇಳುತ್ತಿದ್ದರು. ಅತ್ತೆ ಕಂಬ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು. "ನೀರು ಕಂಡ್ರೆ ಎದುರ್ಕಂತಿದ್ರಾ?"

"ಇಲ್ಲಮ್ಮ, ಚಳಿಜ್ವರ. ಕೊನೇ ದಿನಾನೂ ನೀರು ಕೇಳಿ ಇಸ್ಕೊಂಡು ಕುಡಿದ್ರಂತೆ."

ಅತ್ತೆ ಅಲ್ಲೇ ಕುಳಿತು ಅತ್ತರು. ಹೆತ್ತ ಮಗಳು ಹೋದಾಗಲೂ ಅವರು ಹಾಗೆ ಅತ್ತಿರಲಿಲ್ಲ ಎಂದು ನನ್ನ ಗಂಡ ಹೇಳಿದರು. ಆ ವರ್ಷದ ಹಿರಿಯರ ಹಬ್ಬದಲ್ಲಿ ಮನೆಯ ಹಿರಿಯರಿಗೆ ಎಡೆ ಇಡುವಾಗ, ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಬಡಿಸಿದರು. ತಾವು ಇರುವವರೆಗೂ ತಪ್ಪಿಸಲಿಲ್ಲ.

ಈಗ ಆ ಎಲೆ ಹಾಕುವವಳು ನಾನು. ಮೊನ್ನೆಯ ಹಬ್ಬದಲ್ಲಿ ಸೊಸೆ ಇದು ಯಾರ ಎಡೆ ಎಂದು ಕೇಳಿದಳು, ಎಲ್ಲ ಹೇಳಿದೆ. ಅವರ ಹೆಸರೇನು ಅತ್ತೆ ಎಂದಳು. ಅಷ್ಟು ದಿನ ನಮ್ಮ ಜಗಲಿಯ ಮೇಲೆ ಕುಳಿತವರ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ... ಹೆಂಡತಿ ಮಕ್ಕಳಿದ್ದರೋ ಇಲ್ಲವೋ ಅದೂ ಗೊತ್ತಿಲ್ಲ. ಮಾವನವರನ್ನು, ಅತ್ತೆಯನ್ನು, ಗಂಡನನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದೆ. ಆ ಎಲೆಯ ಮುಂದೆ ಕೈಮುಗಿದು, ಬನ್ನಿ ಎಂದಷ್ಟೇ ಹೇಳಿದೆ.