ಮುನಿರತ್ನ ತಂದ ಪೇಟ

ಹುಣಸಮಾರನಹಳ್ಳಿಯ ಮೇಲಿನ ಕೇರಿಗೆ ಆವಲಪ್ಪನವರು ಯಜಮಾನರು, ಹೆಸರಿಗಷ್ಟೇ. ಲಕ್ವ ಹೊಡೆದು ಅವರು ಮಂಚ ಹಿಡಿದ ಮೇಲೆ ಹನ್ನೊಂದು ವರ್ಷ ಯಜಮಾನಿಕೆ ನಡೆಸಿದವಳು ಹಿರಿಮಗಳು ಮುನಿರತ್ನ. ನಾಗಸಂದ್ರದವನನ್ನು ಮನೆಅಳಿಯನಾಗಿ ತಂದುಕೊಂಡು ತವರಲ್ಲೇ ಉಳಿದವಳು. ಕೇರಿಯ ಅಣ್ಣತಮ್ಮಂದಿರು ಬೇಲಿಗಾಗಿ ಹೊಡೆದಾಡಿಕೊಂಡು ಬಂದರೆ ಮೊದಲು ಇಬ್ಬರಿಗೂ ಮುದ್ದೆ ಇಕ್ಕಿ, ಆಮೇಲೆ ಚೆನ್ನಾಗಿ ಬೈದು, ರಾಜಿ ಮಾಡಿಸಿ ಕಳಿಸುತ್ತಿದ್ದಳು. ಅವಳ ತಮ್ಮ ಅನಂತರಾಜು ಯಲಹಂಕದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವ ಮಹಾಶಯ. ಕೇರಿಯಲ್ಲಿ ಯಾರ ಮನೆ ಯಾವುದೆಂದು ಕೇಳಿದರೂ ತಬ್ಬಿಬ್ಬಾಗುತ್ತಿದ್ದ.

ಯಜಮಾನಿಕೆಯ ಪೇಟ ಮಗಳಿಗೇ ಸಲ್ಲಬೇಕೆಂದು ಆವಲಪ್ಪ ತಮ್ಮ ಭಾವಮೈದ ಲಕ್ಕಣ್ಣನಿಗೆ ಹೇಳಿಯೇ ಕಣ್ಣು ಮುಚ್ಚಿದರು. ಹನ್ನೊಂದನೇ ದಿನ ಹೊಸ ಯಜಮಾನರಿಗೆ ಪೇಟ ಕಟ್ಟುವುದು ಸೋದರಮಾವನ ಹಕ್ಕು. ಎರಡು ದಿನ ಮುಂಚೆ ಲಕ್ಕಣ್ಣ ಬಂದು ಕಾಫಿ ಕುಡಿದು, "ಪೇಟದ ಬಟ್ಟೆ ನೀನೇ ತಗೊಂಡ್ ಬಾ ಮಗಾ. ನಿಂಗೊಪ್ಪಿದ್ದು ಆರಿಸ್ಕೊ" ಎಂದ. ಮುನಿರತ್ನ ಹಿಗ್ಗಿಹೋದಳು. ಜರಿಯಂಚಿನ ಬಿಳಿ ಬಟ್ಟೆ ತಂದು, ಕನ್ನಡಿ ಮುಂದೆ ತಲೆಗೆ ಸುತ್ತಿ ನೋಡಿ, ಒಬ್ಬಳೇ ನಾಚಿಕೊಂಡು ಬಿಚ್ಚಿಟ್ಟಳು.

ಹನ್ನೊಂದನೇ ದಿನ ಶಾಮಿಯಾನದಡಿ ಹಿರಿಯರು ಕೂತಿದ್ದರು. ಅವಳು ತಟ್ಟೆಯಲ್ಲಿ ಪೇಟ ತಂದಿಟ್ಟದ್ದೇ ತಡ, ಲಕ್ಕಣ್ಣ ಎದ್ದು ನಿಂತ.

"ನಮ್ಮಲ್ಲಿ ಪೇಟ ತರೋದು ಮದ್ವೆ ಮಾಡಿ ಕೊಟ್ಟ ಎಣ್ಣು. ತಂದೋರ್ ತಲೆಗೆ ಅದನ್ನ ಕಟ್ಟೋ ಅಂಗಿಲ್ಲ. ತಾನು ಕೊಟ್ಟ ಎಣ್ಣು ಅಂತ ಮುನಿರತ್ನನೇ ಒಪ್ಕೊಂಡವ್ಳೆ."

ಹೇಳಿದವನೇ ಪೇಟವನ್ನು ಅನಂತರಾಜುವಿನ ತಲೆಗೆ ಸುತ್ತಿದ. ಈ ಪದ್ಧತಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹತ್ತಾರು ಮನೆಗಳಲ್ಲಿ ನೋಡಿದ್ದಳು. ಹುಟ್ಟಿದ ಮನೆ ಬಿಟ್ಟು ಹೋಗದ ತನಗೂ ಅದು ಅನ್ವಯಿಸೀತೆಂದು ಹೊಳೆದಿರಲಿಲ್ಲ, ಅಷ್ಟೇ. ಅವಳ ಮುದ್ದೆ ಉಂಡ ಹಿರಿಯರೆಲ್ಲ ತಲೆ ತಗ್ಗಿಸಿ ಕೂತರು. ಲಕ್ಕಣ್ಣನ ನಾಲ್ಕು ಎಕರೆಯಲ್ಲಿ ಅನಂತರಾಜು ಹೊಸ ಅಪಾರ್ಟ್‌ಮೆಂಟ್ ಎಬ್ಬಿಸುವ ಮಾತಾಗಿದೆಯೆಂದು ಪಂಕ್ತಿಯಲ್ಲಿ ಯಾರೋ ಪಿಸುಗುಟ್ಟಿದರು. ಎತ್ತಿ ಆಡಿಸಿದ ಮಾವನೇ ಕತ್ತು ಕೊಯ್ದಿದ್ದ.

ಊಟ ಮುಗಿಯುವ ಮೊದಲೇ ಇಬ್ಬರು ಚರಂಡಿ ಜಗಳ ಹೊತ್ತು ತಂದರು. ಹೊಸ ಯಜಮಾನ ಪೇಟ ಸರಿಮಾಡಿಕೊಳ್ಳುತ್ತ ಅಕ್ಕನ ಮುಖ ನೋಡಿದ. ಯಾವಾಗಲೂ ಹೇಳುವವಳು ನೀನೇ ತಾನೇ, ಕೂತು ತೀರ್ಮಾನ ಹೇಳಿಬಿಡು ಎಂದು ಲಕ್ಕಣ್ಣ ಬೆಣ್ಣೆ ಹಚ್ಚಿದ.

"ಕೊಟ್ಟ ಎಣ್ಣು ನಾನು, ಮಾವ. ಉಂಡಾಯ್ತು, ಒರಡ್ತೀನಿ."

ನಾಗಸಂದ್ರಕ್ಕೆ ಆಟೋ ಕರೆಯಲು ಗಂಡನಿಗೆ ಹೇಳಿದಳು. ಅಲ್ಲಿನ ಅತ್ತೆಮನೆಯಲ್ಲಿ ಅವಳು ಅದುವರೆಗೆ ಒಂದು ರಾತ್ರಿಯೂ ಮಲಗಿರಲಿಲ್ಲ.