ಕಂಪ್ಯೂಟರ್ ನಿಲ್ಲಿಸಿದ್ದಕ್ಕೆ ಸಿಕ್ಕ ಶಾಭಾಸ್‌ಗಿರಿ

ಎಂಬತ್ತರ ದಶಕದ ನಡುವಿನ ಮಾತು. ನಾನು ಎಂಟನೇ ಕ್ಲಾಸಿನಲ್ಲಿದ್ದೆ, ನ್ಯಾಮತಿಯಿಂದ ಹೊನ್ನಾಳಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆ ವರ್ಷ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಒಂದು ಕಂಪ್ಯೂಟರ್ ಬಂತು. "ಕೆಟ್ಟೋದ್ರೆ ಇನ್ನೊಂದು ಕೊಡಾಕೆ ಯಾರೂ ಇಲ್ಲ" ಎಂದು ಹೆಡ್‌ಮಾಸ್ಟರು ಆ ಕೋಣೆಗೆ ಬೀಗ ಹಾಕಿಬಿಟ್ಟರು.

ಗಣಿತದ ಗಿರಿಜಾ ಮಿಸ್‌ಗೆ ಇದು ಸರಿಬರಲಿಲ್ಲ. ಕಂಪ್ಯೂಟರಿನ ಜೊತೆ ಬಂದಿದ್ದ, ಅದಕ್ಕೆ ಕೆಲಸ ಹೇಳುವ ಇಂಗ್ಲಿಷಿನ ಬೇಸಿಕ್ ಭಾಷೆ ನಮ್ಮಂಥ ಕನ್ನಡ ಮೀಡಿಯಂ ಹುಡುಗಿಯರಿಗೆ ಕಬ್ಬಿಣದ ಕಡಲೆ. ಅದರಲ್ಲಿ ಏನಾದರೂ ಎಡವಟ್ಟಾದರೆ ಮೆಷಿನ್ನೇ ನಿಂತುಬಿಡುವುದೂ ಇತ್ತು. ಮಿಸ್ ಹೆಡ್‌ಮಾಸ್ಟರನ್ನು ಒಪ್ಪಿಸಿ ಬೇಸಿಗೆ ರಜೆಯೆಲ್ಲ ಆ ಕೋಣೆಯಲ್ಲಿ ಒಬ್ಬರೇ ಕೂತು, ಅದೇ ಬೇಸಿಕ್‌ನಲ್ಲಿ ತಮ್ಮದೇ ಒಂದು ಪುಟ್ಟ ಭಾಷೆ ಕಟ್ಟಿದರು. ಇಂಗ್ಲಿಷ್ ಅಕ್ಷರದಲ್ಲಿ 'ಬರೆ', 'ಕೇಳು', 'ಕೂಡಿಸು' ಅಂತ ಒತ್ತಿದರೆ ಸಾಕು, ಅದು ಹೇಳಿದಂತೆ ಕೇಳುತ್ತಿತ್ತು.

ಶಾಲೆ ಶುರುವಾದ ಮೇಲೆ ಹೆಡ್‌ಮಾಸ್ಟರನ್ನೂ ನಮ್ಮನ್ನೂ ಕರೆದು ತೋರಿಸಿದರು. "ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದಂಗೆ ಸರ್. ಮಕ್ಳು ಏನು ತಪ್ಪು ಮಾಡಿದ್ರೂ ಒಳಗಿನದು ತಡ್ಕಂತೈತೆ."

"ಭಾಳ ನಿಧಾನ ಐತಲ್ರೀ" ಎಂದರು ಹೆಡ್‌ಮಾಸ್ಟರು.

"ಹೌದು ಸರ್. ಒಂದೊಂದು ಮಾತೂ ಸರಿ ಐತಾ ಅಂತ ನೋಡಿ ಮುಂದೆ ಹೋಗ್ತೈತೆ. ಹುಡುಗೀರು ಧೈರ್ಯವಾಗಿ ಕಲಿಯಾಕೆ ಅಷ್ಟು ಕಾಯಬಹುದು."

"ಕೆಡಲ್ಲ ಅನ್ನಾಕೆ ಗ್ಯಾರಂಟಿ?"

ಮಿಸ್ ನನ್ನ ಕಡೆ ತಿರುಗಿದರು. ಕ್ಲಾಸಿನಲ್ಲಿ ಎಲ್ಲರಿಗಿಂತ ಪುಕ್ಕಲಿ ನಾನೇ. "ಶಕ್ಕೂ, ಬಾರೇ. ಇದನ್ನ ಹೆಂಗಾದ್ರೂ ನಿಲ್ಲಿಸು ನೋಡಾಣ."

ಕೀಬೋರ್ಡ್ ಮುಂದೆ ಕೂತೆ. ಸೊನ್ನೆಯಿಂದ ಭಾಗಿಸು ಎಂದು ಒತ್ತಿದೆ. 'ಅದು ಆಗಲ್ಲ, ಬೇರೆ ಹೇಳು' ಎಂದಿತು ತೆರೆ. ಬಾಯಿಗೆ ಬಂದ ಪದವೆಲ್ಲ ಒತ್ತಿದೆ. 'ತಿಳೀಲಿಲ್ಲ, ಇನ್ನೊಂದ್ಸಲ ಹೇಳು' ಎಂದಿತು. ಹುಡುಗಿಯರು ನಗತೊಡಗಿದರು. ನನಗೂ ಹುರುಪು ಬಂತು. ಹೆಸರು ಕೇಳಿದ ಜಾಗದಲ್ಲಿ 'ಶಕುಂತಲಾ ಶಕುಂತಲಾ' ಎಂದು ಬಿಡುವಿಲ್ಲದೆ ತುಂಬಿಸುತ್ತ ಹೋದೆ.

ತೆರೆ ಹಾಗೇ ನಿಂತಿತು. ಯಾವ ಕೀ ಒತ್ತಿದರೂ ಉಸಿರಿಲ್ಲ.

"ನೋಡಿದ್ರಾ!" ಎಂದು ಹೆಡ್‌ಮಾಸ್ಟರು ಎದ್ದರು. ನನಗೆ ಅಳುವೇ ಬಂತು. ಅಷ್ಟರಲ್ಲಿ ಮಿಸ್ ನನ್ನನ್ನು ಬಾಚಿ ತಬ್ಬಿಕೊಂಡರು. "ಶಾಭಾಸ್ ಕಣೇ! ಇಷ್ಟುದ್ದ ಹೆಸರು ಯಾರಾದ್ರೂ ಬರೀತಾರೆ ಅಂತ ನಂಗೆ ಹೊಳೆದೇ ಇರ್ಲಿಲ್ಲ. ಸರ್, ನಾಳೆ ಇವಳೇ ಮತ್ತೆ ಹಿಂಗೇ ಮಾಡ್ತಾಳೆ. ಆಗ್ಲೂ ನಿಂತ್ರೆ ಬೀಗ ಹಾಕ್ರಿ."

ಮೆಷಿನ್ ಆರಿಸಿ ಹಾಕಿದರೆ ಮತ್ತೆ ಸರಿಯಾಯಿತು. ಅವತ್ತು ಸಂಜೆಯೇ ಮಿಸ್ ಕೂತು ತಮ್ಮ ಭಾಷೆಯಲ್ಲಿನ ಆ ತಪ್ಪು ತಿದ್ದಿದರು. ಮರುದಿನ ನಾನು ಅದೇ ಉದ್ದದ ಹೆಸರು ತುಂಬಿಸಿದೆ. 'ಇಷ್ಟುದ್ದ ಬ್ಯಾಡವ್ವ, ಸಣ್ಣದಾಗಿ ಹೇಳು' ಎಂದಿತು ತೆರೆ. ಹೆಡ್‌ಮಾಸ್ಟರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ತಾವೇ ಕುರ್ಚಿ ಎಳೆದುಕೊಂಡು ಕೂತು, ಎರಡೂ ಅಂಗೈಯಿಂದ ಕೀಗಳನ್ನು ಗುದ್ದಿ ನೋಡಿದರು. ಅದು ಜಗ್ಗಲಿಲ್ಲ. ಕೋಣೆಯ ಕೀಲಿ ಮಿಸ್ ಕೈಗೆ ಬಂತು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಮಿಸ್‌ಗೆ ಜಗಳೂರಿಗೆ ವರ್ಗವಾಯಿತು. ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. "ಮಿಸ್, ಅವತ್ತು ಮೆಷಿನ್ ನಿಂತಾಗ ನಿಮಗೆ ಭಯ ಆಗ್ಲಿಲ್ವಾ?" ಎಂದು ಕೇಳಿದೆ.

"ಭಾಳ ಆಗಿತ್ತು ಕಣೇ. ಅದು ನಿಂಗೆ ಕಂಡಿದ್ರೆ ನೀನು ಮತ್ತೆ ಕೀಬೋರ್ಡ್ ಮುಟ್ತಿದ್ಯಾ?"

ಬಸ್ಸು ಹೊರಟಿತು. ನನ್ನ ಸಲುವಾಗಿ ತಮ್ಮ ಭಯವನ್ನು ನುಂಗಿಕೊಂಡ ಆ ಮಿಸ್ ನೆನಪಾದರೆ ಇವತ್ತಿಗೂ ಕಣ್ಣು ತೇವವಾಗುತ್ತದೆ.