ಮೈಕ್‌ಸೆಟ್ ಅಂಗಡಿಯ ಅಟ್ಟ ಮತ್ತು ಮದುವೆಯ ಮೊದಲ ಪಂಕ್ತಿ

ಆ ಮಧ್ಯಾಹ್ನ ಮೈಕ್‌ಸೆಟ್ ಅಂಗಡಿಯ ಅಟ್ಟದ ಮೇಲೆ ನಾವು ಮೂವರಿದ್ದೆವು. ಹೆಗಡೆಕಟ್ಟಾದಿಂದ ಬಸ್ಸಿನಲ್ಲಿ ಬರುತ್ತಿದ್ದ ಡ್ರಮ್ಮಿನವನು, ಗಣಿತದ ಮೇಷ್ಟ್ರ ಮಗನಾದ ಗಿಟಾರಿನವನು, ಮತ್ತು ಬೇರೆ ಯಾವ ವಾದ್ಯವೂ ಬಾರದ ಕಾರಣಕ್ಕೆ ಹಾಡುವ ಜವಾಬ್ದಾರಿ ಹೊತ್ತ ನಾನು. ನಾಲ್ಕನೆಯವರಾಗಿ ಏಣಿ ಹತ್ತಿ ಬಂದವರು ಅಂಗಡಿಯ ಮಾಲೀಕರು. ಹಾನಗಲ್ ಕಡೆಯಿಂದ ಬಂದು ಶಿರಸಿಯಲ್ಲಿ ನೆಲೆ ನಿಂತ ಅವರನ್ನು ಪೇಟೆಯೆಲ್ಲ ಕಾಕಾ ಎನ್ನುತ್ತಿತ್ತು. ಏಣಿಯ ಮೇಲೆ ತಲೆ ಮಾತ್ರ ಕಾಣುವಷ್ಟು ಹತ್ತಿ, ಉಳಿದ ದೇಹವನ್ನು ಅಂಗಡಿಯಲ್ಲೇ ಬಿಟ್ಟು ಮಾತಾಡುವುದು ಅವರ ಪದ್ಧತಿ.

"ಏನ್ರಪಾ, ಮುಗೀತೋ, ಇನ್ನೂ ಐತೋ?"

"ಈಗಷ್ಟೇ ಶುರು ಮಾಡಿದ್ದು ಕಾಕಾ."

"ಕೆಳಗ ಯಲ್ಲಾಪುರದ ಗಿರಾಕಿ ಬಂದು ಕುಂತಾರ. ನಿಮ್ಮ ಗರಗರಾ ಕೇಳಿ, 'ನಿಮ್ಮ ಸ್ಪೀಕರ್ ಹರಿದೈತೇನ್ರಿ' ಅಂತ ಕೇಳಾಕತ್ತಾರ. ಏನಂತ ಹೇಳ್ಲಿ?"

ಗಿಟಾರಿನವನ ಮುಖ ಸಣ್ಣದಾಯಿತು. ಆ ಗರಗರಕ್ಕೆಂದೇ ಅವನು ಹುಬ್ಬಳ್ಳಿಗೆ ಹೋಗಿ ಒಂದು ಪುಟ್ಟ ಡಬ್ಬಿ ತಂದಿದ್ದ. ಕಾಲಿನಲ್ಲಿ ಒತ್ತಿದರೆ ತಂತಿಯ ದನಿ ಗಾಳಿಗೆ ಬಡಿದುಕೊಳ್ಳುವ ತಗಡಿನ ಹಾಗೆ ಆಗುತ್ತಿತ್ತು. "ಅದು ಕೆಟ್ಟಿದ್ದಲ್ಲ ಕಾಕಾ. ಅದು ಹಾಗೇ ಬರಬೇಕು" ಅಂದ.

"ಆ ಸಪ್ಪಳಾ ಬರಬಾರದು ಅಂತ ನಾ ಜನ್ಮಾ ಪೂರ್ತಿ ರಿಪೇರಿ ಮಾಡೀನಿ. ನೀ ರೊಕ್ಕಾ ಕೊಟ್ಟು ತಂದೀ" ಎಂದು ಕಾಕಾ ತಲೆಯನ್ನೂ ಕೆಳಗಿಳಿಸಿಕೊಂಡರು.

ತೊಂಬತ್ತರ ದಶಕದಲ್ಲಿ ನಮ್ಮ ಮೂರು ತಾಲೂಕುಗಳಲ್ಲಿ ರಾಕ್ ಸಂಗೀತ ಹೇಗಿತ್ತು ಎಂದು ಈಗಿನ ಹುಡುಗರು ಒಮ್ಮೊಮ್ಮೆ ಕೇಳುತ್ತಾರೆ. ಚೆನ್ನಾಗಿಯೇ ಇತ್ತು. ಯಲ್ಲಾಪುರದವರ ಹತ್ತಿರ ಆಂಪ್ಲಿಫೈಯರ್ ಇತ್ತು, ಗಿಟಾರ್ ಇರಲಿಲ್ಲ. ಸಿದ್ದಾಪುರದಲ್ಲಿ ಒಬ್ಬನೇ ಒಬ್ಬ ಇದ್ದ. ಕೀಬೋರ್ಡ್ ನುಡಿಸುತ್ತಿದ್ದ, ಉದ್ದ ಕೂದಲೂ ಇತ್ತು, ಆದರೆ ಭಜನಾ ಮಂಡಳಿ ಕರೆದರೆ ಅಲ್ಲಿಗೂ ಹೋಗುತ್ತಿದ್ದ. ಶಿರಸಿಯಲ್ಲಿ ನಾವಿದ್ದೆವು. ಮೂರೂ ಊರಿನ ಸಾಮಾನು ಒಂದೆಡೆ ಸೇರಿಸಿದ್ದರೆ ಒಂದು ಪೂರ್ತಿ ಬ್ಯಾಂಡ್ ಆಗುತ್ತಿತ್ತೇನೋ. ಆದರೆ ಯಾರ ಸಂಗೀತ ಹೆಚ್ಚು ಉಗ್ರ ಎಂಬ ವಿಷಯದಲ್ಲಿ ನಮ್ಮೊಳಗೆ ಮಾತು ಬಿಟ್ಟುಹೋಗಿತ್ತು. ಯಾರ ಸಂಗೀತವನ್ನೂ ಇನ್ನೂ ಯಾರೂ ಕೇಳಿರಲಿಲ್ಲ ಎಂಬುದು ಆ ಜಗಳಕ್ಕೆ ಅಡ್ಡಿಯಾಗಲಿಲ್ಲ.

ಹಾಡುಗಳನ್ನು ನಾನೇ ಕಟ್ಟುತ್ತಿದ್ದೆ. ರಾಕ್ ಎಂದಮೇಲೆ ಯಾರ ಮೇಲಾದರೂ ಸಿಟ್ಟಿರಬೇಕು ಎಂದು ಗಿಟಾರಿನವನು ಹೇಳಿದ್ದ. ನಾವು ಹುಡುಕಿದೆವು. ಮನೆಯಲ್ಲಿ ಹೊತ್ತು ಹೊತ್ತಿಗೆ ಊಟ ಹಾಕುತ್ತಿದ್ದರು, ಸರಕಾರ ನಮ್ಮ ತಂಟೆಗೆ ಬಂದಿರಲಿಲ್ಲ. ಕೊನೆಗೆ ಕೈ ಮಾಡಿದರೂ ನಿಲ್ಲಿಸದೆ ಹೋಗುವ ಸಿದ್ದಾಪುರದ ಬಸ್ಸಿನ ಮೇಲೆ ಒಂದು ಹಾಡು ಹುಟ್ಟಿತು. ಹಾಡು ಕನ್ನಡದ್ದೇ. ಕೇಳಿದವರಿಗೆ ತಿಳಿಯದ ಹಾಗೆ ಹಾಡಬೇಕೆಂಬ ನಿಯಮ ಮಾತ್ರ ನಮ್ಮದು.

ಡ್ರಮ್ಮಿನ ಕಥೆ ಬೇರೆ. ಹುಬ್ಬಳ್ಳಿಯ ಆರ್ಕೆಸ್ಟ್ರಾದವರು ಬಿಟ್ಟ ಹಳೆಯ ಸೆಟ್ಟನ್ನು ಅವನು ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ಬಂದಿದ್ದ. ಮನೆಯಲ್ಲಿ ಬಾರಿಸಿದ ಮರುದಿನ ಎಮ್ಮೆ ಹಾಲು ಕೊಡಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅವನು ವಾದಿಸಿದ. ಅವನ ಆಯಿ, ಅಂದರೆ ಅಮ್ಮ, "ಎಮ್ಮೆ ಹತ್ರ ಹೇಳು" ಅಂದಳು. ಅಂದಿನಿಂದ ಡ್ರಮ್ಮಿಗೆ ಕಾಕಾನ ಅಟ್ಟವೇ ಗತಿ. ಅಟ್ಟ ಹೋದರೆ ಡ್ರಮ್ಮನ್ನು ಯಾರಿಗಾದರೂ ದಾಟಿಸಬೇಕು, ಅಲ್ಲಿಗೆ ಅವನ ಬಾರಿಸುವಿಕೆ ಮುಗಿಯಿತು. ನನಗೂ ಗಿಟಾರಿನವನಿಗೂ ಇದು ಹುಚ್ಚು. ಅವನಿಗೆ ಹಾಗಲ್ಲ. ಊಟಕ್ಕೆ ಕೂತರೂ ಅವನ ಬೆರಳು ಬಾಳೆಲೆಯ ಅಂಚಿನಲ್ಲಿ ಓಡಾಡುತ್ತಿರುತ್ತಿತ್ತು.

ಯಲ್ಲಾಪುರದ ಗಿರಾಕಿ ಬೇರೆ ಅಂಗಡಿಗೆ ಹೋದ ಸಂಜೆ ಕಾಕಾ ಮತ್ತೆ ಏಣಿ ಹತ್ತಿದರು. ಈ ಸಲ ಸೊಂಟದವರೆಗೂ ಬಂದರು. ವಿಷಯ ಗಂಭೀರವೆಂದು ತಿಳಿಯಿತು.

"ನೋಡ್ರಪಾ, ನಾ ಅನ್ಯಾಯ ಮಾಡೋ ಮನುಷ್ಯ ಅಲ್ಲ. ಒಮ್ಮೆ ಮಂದಿ ಮುಂದ ಬಾರಸ್ರಿ. ಕಡೀ ಹಾಡಿನ ತನಕ ಮಂದಿ ಕುಂತ್ರ ಅಟ್ಟ ನಿಮ್ಮದು, ನಾ ಮತ್ತ ಬಾಯಿ ತೆಗ್ಯಂಗಿಲ್ಲ. ನಡುವ ಎದ್ದು ಹ್ವಾದ್ರ, ಮರುದಿನಾನ ಖಾಲಿ ಮಾಡ್ಬೇಕು."

ಅವರು ಇಳಿದು ಹೋದ ಮೇಲೆ ಗಿಟಾರಿನವನು ತಲೆಯ ಮೇಲೆ ಕೈಹೊತ್ತು ಕೂತ. ನಮ್ಮ ಸಂಗೀತ ಮುಗಿಯುವವರೆಗೆ ಕೂರುವ ಜನ ಈ ಸೀಮೆಯಲ್ಲಿ ಎಲ್ಲಿದ್ದಾರೆ? ಡ್ರಮ್ಮಿನವನು ಮಾತ್ರ ಯೋಚಿಸುತ್ತಲೇ ಇದ್ದ. ಆಮೇಲೆ ನಿಧಾನವಾಗಿ ಹೇಳಿದ:

"ಪಂಕ್ತಿ ಊಟಕ್ಕೆ ಕುಂತವು ಮಧ್ಯ ಏಳಲೆ ಬತ್ತಿಲ್ಲೆ, ಅಲ್ದಾ?"

ನಾವಿಬ್ಬರೂ ಅವನ ಮುಖ ನೋಡಿದೆವು.

"ದೊಡ್ಡವು ಏಳೋವರೆಗೆ ಸಣ್ಣವು ಏಳಲಾಗ. ಕೈ ಎಂಜಲು. ಎಲ್ಲಿಗೆ ಹೋಗ್ತ?"

ಜಗತ್ತಿನಲ್ಲಿ ಯಾವ ರಾಕ್ ಬ್ಯಾಂಡೂ ತನ್ನ ಶ್ರೋತೃಗಳನ್ನು ಹೀಗೆ ಆಯ್ದುಕೊಂಡಿರಲಿಕ್ಕಿಲ್ಲ.

ಅದಕ್ಕೆ ಸಿಕ್ಕ ಮದುವೆ ಅವನ ಸೋದರತ್ತೆಯ ಮನೆಯದು, ಉಮ್ಮಚಗಿಯಲ್ಲಿ, ಆಕೆಯ ಮಗನದೇ. ಊಟದ ಹೊತ್ತಿಗೆ ಸ್ವಲ್ಪ ಸಂಗೀತ ಇರಲಿ ಎಂದು ಅವನು ಕೇಳಿದಾಗ ಅತ್ತೆಗೆ ಮೊದಲು ಮನಸ್ಸಿರಲಿಲ್ಲ. ಅಟ್ಟ ಹೋದರೆ ಡ್ರಮ್ಮನ್ನು ನಿಮ್ಮ ಮನೆಯಲ್ಲೇ ಇಡಬೇಕಾಗುತ್ತದೆ, ನಿಮ್ಮಲ್ಲಿ ಎಮ್ಮೆ ಇಲ್ಲವಲ್ಲ ಎಂದು ಅವನು ಹೇಳಿದ. ಆಕೆ ಕೂಡಲೇ ಕಲಾಪೋಷಕಿಯಾದಳು. ಮೈಕ್‌ಸೆಟ್ಟೂ ಕಾಕಾನದೇ ಗೊತ್ತು ಮಾಡಿದ್ದಾಯಿತು. ಹೀಗೆ ವಾದಿ, ಪ್ರತಿವಾದಿ, ನ್ಯಾಯಾಧೀಶರು ಎಲ್ಲ ಒಂದೇ ಟೆಂಪೋದಲ್ಲಿ ಉಮ್ಮಚಗಿಗೆ ಹೋದೆವು.

ಚಪ್ಪರದಲ್ಲಿ ಮೊದಲ ಪಂಕ್ತಿ ಕೂತಿತ್ತು. ಸಾಲಿನ ತುದಿಯಲ್ಲಿ ಅತ್ತೆಯ ಮಾವ, ಮನೆಗೆಲ್ಲ ಹಿರಿಯರಾದ ಅಜ್ಜ. ಅವರು ಏಳುವವರೆಗೆ ಪಂಕ್ತಿ ಏಳುವಂತಿಲ್ಲ, ಅವರು ಎದ್ದರೆ ಪಂಕ್ತಿ ಕೂರುವಂತಿಲ್ಲ. ಎದುರು ಸಾಲಿನಲ್ಲಿ ಸಿದ್ದಾಪುರ ಕಡೆಯ ಹೆಣ್ಣಿನವರು. ಕಾಕಾ ತಮ್ಮ ಪೆಟ್ಟಿಗೆಯ ಹತ್ತಿರ ಕಬ್ಬಿಣದ ಖುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮ ಉಪಾಯ ಅವರಿಗೆ ಆಗಲೇ ತಿಳಿದುಹೋಗಿತ್ತು. "ಶಾಣ್ಯಾ ಅದೀರಿ" ಎಂದಷ್ಟೇ ಹೇಳಿ, ಗಿಟಾರಿನವನು ಡಬ್ಬಿ ಒತ್ತಿದಾಗಲೆಲ್ಲ ಅಭ್ಯಾಸಬಲದಿಂದ ಒಂದು ಗುಂಡಿ ತಿರುಗಿಸಿ ಗರಗರವನ್ನು ಕಡಿಮೆ ಮಾಡುತ್ತಿದ್ದರು.

ಅನ್ನಕ್ಕೆ ತುಪ್ಪ ಬಿದ್ದ ಕೂಡಲೇ ಬಸ್ಸಿನ ಹಾಡು ಶುರುವಾಯಿತು. ಸಾರಿನ ಸೌಟು ಹಿಡಿದವನು ನಡುವೆಯೇ ನಿಂತ. ಮಕ್ಕಳು ಕಿವಿ ಮುಚ್ಚಿಕೊಳ್ಳಲು ಹೋಗಿ, ಬಲಗೈ ಎಂಜಲೆಂದು ನೆನಪಾಗಿ, ಒಂದೇ ಕಿವಿ ಮುಚ್ಚಿಕೊಂಡವು. ನಾನು ಯಾರ ಮುಖವನ್ನೂ ನೋಡದೆ ಹಾಡಿದೆ. ಕೊನೆಯಲ್ಲಿ ಉಸಿರು ಇರುವಷ್ಟು ಹೊತ್ತು ಎತ್ತರದ ದನಿಯಲ್ಲಿ ಕೂಗಿ ನಿಲ್ಲಿಸಬೇಕು. ಹಾಗೇ ಕೂಗಿ ನಿಲ್ಲಿಸಿದೆ.

ಸಾಲಿನ ತುದಿಯಿಂದ ಅಜ್ಜನ ದನಿ ಬಂತು: "ನಮಃ ಪಾರ್ವತೀಪತೇ..."

ಇಡೀ ಪಂಕ್ತಿ ಅನ್ನದ ಬಾಯಲ್ಲೇ ಮುಗಿಸಿತು: "ಹರ ಹರ ಮಹಾದೇವ."

ನಮ್ಮ ಕಡೆ ಪಂಕ್ತಿ ಊಟದಲ್ಲಿ ಯಾರಾದರೂ ದನಿ ಎತ್ತಿ ಶ್ಲೋಕ ಹೇಳುತ್ತಾರೆ. ಹೇಳಿ ನಿಲ್ಲಿಸಿದ ಕೂಡಲೇ ಉಳಿದವರು ಹೀಗೆ ಕೂಗುತ್ತಾರೆ. ಯಾರು, ಏನು, ಯಾಕೆ ಎಂದು ಕೇಳುವ ಪದ್ಧತಿ ಇಲ್ಲ. ಊಟದ ನಡುವೆ ಎತ್ತರದ ದನಿ ಏರಿ ನಿಂತರೆ ಮುಂದಿನದು ತಾನಾಗಿ ಬಾಯಿಗೆ ಬರುತ್ತದೆ. ಹೀಗೆ ಸಿದ್ದಾಪುರ ಬಸ್ಸಿನ ಮೇಲಿನ ನಮ್ಮ ಆಕ್ರೋಶ ಶಿವಾರ್ಪಣವಾಯಿತು.

ಇಷ್ಟಕ್ಕೇ ನಿಲ್ಲಲಿಲ್ಲ. ಗಂಡಿನ ಕಡೆಯವರು ಒಂದು ಹೇಳಿದ ಮೇಲೆ ಹೆಣ್ಣಿನ ಕಡೆಯವರು ಸುಮ್ಮನಿದ್ದರೆ ಮರ್ಯಾದೆಯ ಪ್ರಶ್ನೆ. ಎದುರು ಸಾಲಿನಿಂದ ದಪ್ಪ ಮನುಷ್ಯರೊಬ್ಬರು ಗಂಟಲು ಸರಿಮಾಡಿಕೊಂಡು ಗಣಪತಿಯ ಶ್ಲೋಕವೊಂದನ್ನು, ನಮ್ಮ ಸ್ಪೀಕರಿಗಿಂತ ಜೋರಾಗಿ, ಗರಗರ ಇಲ್ಲದೆ ಹೇಳಿದರು. ಮತ್ತೆ ಮಹಾದೇವ. ಜನ ನಮ್ಮ ಕಡೆ ತಿರುಗಿದರು, ಈಗ ನಿಮ್ಮ ಪಾಳಿ ಎನ್ನುವಂತೆ. ನಾವು ಎರಡನೆಯದು ನುಡಿಸಿದೆವು. ಅವರು ಶಾರದೆಯನ್ನು ಕರೆತಂದರು. ಯಲ್ಲಾಪುರ, ಸಿದ್ದಾಪುರದ ಬ್ಯಾಂಡುಗಳೊಂದಿಗೆ ಮಾಡಬೇಕೆಂದಿದ್ದ ಸ್ಪರ್ಧೆಯನ್ನು ನಾವು ಕೊನೆಗೆ ಹುಳಿ-ಅನ್ನ ಕಲಸುತ್ತಿದ್ದ ಬೀಗರ ಜೊತೆ ಮಾಡಿದೆವು. ಅವರೇ ಗೆದ್ದರೆಂದು ನನ್ನ ಅಭಿಪ್ರಾಯ.

ಇದರಿಂದ ಒಂದು ತೊಂದರೆಯಾಯಿತು. ಶ್ಲೋಕಗಳು ಹೊತ್ತು ನುಂಗಿದವು, ಊಟ ಮುಂದೆ ಸಾಗಿತು. ಕೊನೆಯ ಹಾಡು ಶುರುವಾಗುವಾಗ ಮಜ್ಜಿಗೆ ಬಂದಾಗಿತ್ತು. ಆ ಹಾಡಿನ ಉತ್ತರಾರ್ಧವೆಲ್ಲ ಗಿಟಾರಿನವನೊಬ್ಬನದೇ. ಅದನ್ನು ಮೊಟಕು ಮಾಡು ಎಂದು ಮೊದಲೇ ಹೇಳಿದ್ದೆವು. ಆದರೆ ಅವನು ಕಣ್ಣು ಮುಚ್ಚಿಕೊಂಡು ನುಡಿಸುವವನು. ಕಣ್ಣು ಮುಚ್ಚಿದವನಿಗೆ ಮಜ್ಜಿಗೆ ಹೇಗೆ ಕಾಣಬೇಕು?

ಅಜ್ಜನ ಎಲೆ ಖಾಲಿಯಾಗಿತ್ತು. ಡ್ರಮ್ಮಿನವನು ಬಾರಿಸುತ್ತಲೇ ಅತ್ತೆಯ ಕಡೆ ನೋಡಿದ. ಅತ್ತೆ ಹೋಳಿಗೆಯ ಪಾತ್ರೆ ಹಿಡಿದು ಓಡಿದಳು.

"ಮಾವ, ಇನ್ನೊಂದು ಹೋಳಿಗೆ."

"ಮಜ್ಜಿಗೆ ಉಂಡಾತು. ಈಗ ಎಂತಾ ಹೋಳಿಗೆ?"

"ಅರ್ಧ ಆದ್ರೂ ಹಾಕ್ಸ್ಕಳಿ."

"ಅರ್ಧ ಹೇಳಿ ಇಡೀ ಹಾಕ್ತೆ ನೀನು. ಎಂಗೆ ಗೊತ್ತಿದ್ದು."

ಅಜ್ಜ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದರು. ಆಕೆ ಬೆರಳುಗಳ ಸಂದಿಯಲ್ಲೇ ಹೋಳಿಗೆ ಬಿಟ್ಟಳು. ಅದನ್ನು ಎಲೆಯಲ್ಲಿ ಬಿಡುವ ಹಾಗಿಲ್ಲವಲ್ಲ, ಅಜ್ಜ ತಿಂದರು. ಗಿಟಾರ್ ನಡೆದೇ ಇತ್ತು. ಆಕೆ ತುಪ್ಪ ತಂದಳು, ಹಾಲು ತಂದಳು, ಉಪ್ಪಿನಕಾಯಿಯನ್ನೂ ತಂದಳು. ಅಜ್ಜ ಯಾವುದಕ್ಕೂ ಒಪ್ಪಲಿಲ್ಲ. ಅಂಗೈ ಬಟ್ಟಲು ಮಾಡಿ ಚಾಚಿದರು. ಆ ಕೈಗೆ ಯಾರೋ ನೀರು ಹಾಕಿದರು. ಊಟದ ಕೊನೆಯ ನೀರು ಅದು. ಅದನ್ನು ಕುಡಿದರೆ ಅಜ್ಜ ಏಳುತ್ತಾರೆ, ಅಜ್ಜ ಎದ್ದರೆ ಪಂಕ್ತಿ ಏಳುತ್ತದೆ.

ಸಾಲಿನಲ್ಲಿದ್ದವರೆಲ್ಲ ಪಂಚೆ ಸರಿಮಾಡಿಕೊಂಡು ಸಿದ್ಧರಾದರು. ಕಾಕಾ ಖುರ್ಚಿಯಿಂದ ಮುಂದೆ ಬಾಗಿದರು. ಡ್ರಮ್ಮಿನವನ ಕೈ ಬಾರಿಸುತ್ತಿತ್ತು, ಕಣ್ಣು ಅಜ್ಜನ ಅಂಗೈ ಬಿಟ್ಟು ಕದಲಲಿಲ್ಲ.

ಅಜ್ಜ ನೀರನ್ನು ಬಾಯಿಯ ಹತ್ತಿರ ತಂದು, ಗಿಟಾರಿನವನ ಕಡೆ ಒಮ್ಮೆ ನೋಡಿ, ಕೈಯನ್ನು ಅಲ್ಲೇ ತಡೆದುಬಿಟ್ಟರು. ಅಂಗೈಯಲ್ಲಿ ನೀರು ಹಿಡಿದು, ತಲೆ ಸ್ವಲ್ಪ ಓರೆ ಮಾಡಿ ಕೂತರು. ನೀರು ಬೆರಳ ಸಂದಿಯಿಂದ ಒಂದೊಂದೇ ಹನಿ ಎಲೆಯ ಮೇಲೆ ಬೀಳುತ್ತಿತ್ತು. ಗಿಟಾರಿನವನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ಮೇಲಿಂದ ಇಳಿದು, ಮತ್ತೆ ಹತ್ತಿ, ಒಂದೇ ತಂತಿಯನ್ನು ಎಳೆದೆಳೆದು, ಕೊನೆಗೆ ತಾನಾಗಿ ನಿಲ್ಲಿಸಿ ಕಣ್ಣು ತೆರೆದ.

"ನಮಃ ಪಾರ್ವತೀಪತೇ" ಅಂದರು ಅಜ್ಜ. ಪಂಕ್ತಿ ಕೂಗಿತು. ಅಂಗೈಯಲ್ಲಿ ಉಳಿದಷ್ಟು ನೀರು ಕುಡಿದು ಅವರು ಎದ್ದರು.

ಕಾಕಾ ವೈರ್ ಸುತ್ತುತ್ತಿದ್ದರು. ಡ್ರಮ್ಮಿನವನು ಎದುರಿಗೆ ಹೋಗಿ ನಿಂತ.

"ಉಳದವರು ಕುಂತಿದ್ದು ನಾ ಲೆಕ್ಕಕ್ಕ ಹಿಡ್ಯಂಗಿಲ್ಲ" ಅಂದರು ಕಾಕಾ. "ಕೈ ಎಂಜಲಿತ್ತು, ಕುಂತಾರ. ಆದ್ರ ಅಜ್ಜಾರು ನೀರು ಹಿಡಕೊಂಡು ಕುಂತ್ರಲ್ಲ, ಅವ್ರು ಏಳಬಹುದಿತ್ತು. ಏಳಲಿಲ್ಲ. ಅಟ್ಟ ನಿಮ್ಮದು."

ಡ್ರಮ್ಮಿನವನು ವೈರಿನ ಇನ್ನೊಂದು ತುದಿ ಹಿಡಿದು ಸುತ್ತತೊಡಗಿದ.

ಸಂಜೆ ಜಗುಲಿಯಲ್ಲಿ ಅಜ್ಜ ಎಲೆಯಡಿಕೆ ಹಾಕುತ್ತಿದ್ದಾಗ ನಾನೇ ಕೇಳಿದೆ, ಯಾಕೆ ಏಳಲಿಲ್ಲ ಎಂದು.

"ತಮಾ, ಒಬ್ಬ ಹೇಳ್ತಾ ಇಪ್ಪಕಾದ್ರೆ ಎದ್ದು ಹೋಪಲಾಗ."

"ಅದು ಶ್ಲೋಕ ಅಲ್ಲ ಅಜ್ಜ. ಒಂದು ಅಕ್ಷರನೂ ಇರಲಿಲ್ಲ ಅದರಲ್ಲಿ."

"ಇಲ್ದೆ ಇದ್ರೆ ಎಂತ ಆತು? ಇದ್ದ ಶ್ಲೋಕದ್ದಾದ್ರೂ ಎಂಗಕ್ಕೆ ಎಷ್ಟು ಅರ್ಥ ಆಗ್ತು?" ಅಜ್ಜ ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿದರು. "ಆ ಮಾಣಿ ಬಾಯಿ ಬಿಡ್ದೆ ಹೇಳಿದ್ದು ಚೊಲೊ ಇತ್ತು. ನೀನು ಕೂಗಿದ್ದು ರಾಶಿ ಜಾಸ್ತಿ ಆತು."

ಅಟ್ಟ ಕೆಲವು ವರ್ಷ ನಮ್ಮದಾಗಿಯೇ ಉಳಿಯಿತು. ಗಿಟಾರಿನವನು ಅಪ್ಪನ ಹಾಗೇ ಗಣಿತದ ಮೇಷ್ಟ್ರಾದ. ನಾನು ಕೂಗುವುದನ್ನು ಬಿಟ್ಟೆ. ಅಜ್ಜನ ಮಾತಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಎಮ್ಮೆಯ ಹತ್ತಿರ ಬೇಕಾದರೂ ಹೇಳುತ್ತೇನೆ. ಡ್ರಮ್ಮಿನವನು ಮಾತ್ರ ಬಿಡಲಿಲ್ಲ. ಈಗ ಅವನದೇ ಒಂದು ತಂಡವಿದೆ, ಜೊತೆಗೆ ನುಡಿಸುವವರೆಲ್ಲ ಅವನ ಮಗಳ ವಯಸ್ಸಿನವರು.

ಕಳೆದ ಮದುವೆ ಕಾಲದಲ್ಲಿ ಇಸಳೂರಿನ ಒಂದು ಹೊಸ ಮನೆಯ ಅಂಗಳದಲ್ಲಿ ಅವರ ಕಾರ್ಯಕ್ರಮವಿತ್ತು. ನಿಂತು ಉಣ್ಣುವ ಊಟ. ಜನ ಪ್ಲೇಟು ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು, ಒಬ್ಬೊಬ್ಬರಾಗಿ ಕೈತೊಳೆದು ಬೈಕು ಹತ್ತುತ್ತಿದ್ದರು. ಕಾಕಾನೂ ಬಂದಿದ್ದರು. ಅಂಗಡಿ ಈಗ ಅವರ ಮಗನದು, ಅವರಿಗೆ ಏಣಿ ಹತ್ತಲಾಗುವುದಿಲ್ಲ. ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಖುರ್ಚಿ ಎಳೆದುಕೊಂಡು ಬಂದು ಡ್ರಮ್ಮಿನ ಎದುರಿಗೆ ಹಾಕಿ, ಐಸ್‌ಕ್ರೀಮಿನ ಕಪ್ಪು ಹಿಡಿದು ಕೂತರು. ಮಗ ಬಂದು ಹೋಗೋಣವೇ ಎಂದು ಕೇಳಿದಾಗ ಕೈಯಲ್ಲೇ ತಡೆದರು. ಕೊನೆಯ ಹಾಡು ಮುಗಿಯುವ ಹೊತ್ತಿಗೆ ಐಸ್‌ಕ್ರೀಮು ಕರಗಿ ನೀರಾಗಿತ್ತು. ಅದನ್ನು ಕುಡಿದು, ಎದ್ದು, ಕೈತೊಳೆಯಲು ಹೋದರು.